ಹೈಕೋರ್ಟ್ ತೀರ್ಪಿನಲ್ಲಿ ಜನಾಭಿಪ್ರಾಯದ ಪಾಲೆಷ್ಟು, ಹಳೇ ತೀರ್ಪುಗಳ ಪಾಲೆಷ್ಟು?

ನೀವು ಕೇಳಿರುವುದು ಇಷ್ಟು: ಜನರೆಲ್ಲ ಒಂದು ಮಾತು ಹೇಳುತ್ತಿರುವಾಗ ಹೈಕೋರ್ಟ್ ಯಾವುದೋ ಹಳೇ ತೀರ್ಪು ಹಿಡಿದು ಕೂರುತ್ತದಲ್ಲ, ಹಾಗಾದರೆ ಅಲ್ಲಿ ಜನರ ಅಭಿಪ್ರಾಯಕ್ಕೆ ಬೆಲೆಯೇ ಇಲ್ವಾ?

ಬೆಲೆ ಇದೆ. ನೇರವಾಗಿ ಬರುವುದು ಕಡಿಮೆ, ಸುತ್ತಿ ಬಳಸಿ ಬರುವುದೇ ಜಾಸ್ತಿ. ನಾನು ವಕೀಲಿಕೆ ಮಾಡುತ್ತೇನೆ. ಅದು ನೇರವಾಗಿ ಬಂದಾಗಲೇ ನನಗೆ ಹೆಚ್ಚು ಭಯ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಮೊದಲು ಹಳೇ ತೀರ್ಪಿನ ವಿಷಯ. ಹೈಕೋರ್ಟ್ ನ್ಯಾಯಮೂರ್ತಿಗಳು ತಮಗೆ ಸರಿ ಕಂಡದ್ದನ್ನೆಲ್ಲ ಬರೆಯುವಂತಿಲ್ಲ. ಸಂವಿಧಾನದ 141ನೇ ವಿಧಿಯ ಪ್ರಕಾರ ಸುಪ್ರೀಂ ಕೋರ್ಟ್ ಸಾರಿದ ಕಾನೂನು ದೇಶದ ಎಲ್ಲ ಕೋರ್ಟ್‌ಗಳಿಗೂ ಅನ್ವಯ. ಹೈಕೋರ್ಟ್ ಒಳಗೂ ಮೆಟ್ಟಿಲುಗಳಿವೆ. ಒಬ್ಬರೇ ನ್ಯಾಯಮೂರ್ತಿ ಕೂರುವ ಏಕಸದಸ್ಯ ಪೀಠ ಇಬ್ಬರು ಕೂರುವ ವಿಭಾಗೀಯ ಪೀಠದ ಮಾತು ಮೀರುವಂತಿಲ್ಲ, ವಿಭಾಗೀಯ ಪೀಠ ಮೂವರು ಅಥವಾ ಹೆಚ್ಚು ಜನರ ಪೂರ್ಣ ಪೀಠದ ಮಾತು ಮೀರುವಂತಿಲ್ಲ. ಅಷ್ಟೇ ಸದಸ್ಯರ ಇನ್ನೊಂದು ಪೀಠದ ತೀರ್ಪು ಒಪ್ಪಿಗೆಯಾಗದಿದ್ದರೆ, ವಿಷಯವನ್ನು ದೊಡ್ಡ ಪೀಠಕ್ಕೆ ವಹಿಸಿ ಅಂತ ಮುಖ್ಯ ನ್ಯಾಯಮೂರ್ತಿಗಳಿಗೆ ಕಳಿಸಬೇಕೇ ಹೊರತು ತಾನೇ ಉಲ್ಟಾ ಬರೆಯುವ ಹಾಗಿಲ್ಲ. ಬೇರೆ ರಾಜ್ಯದ ಹೈಕೋರ್ಟ್ ತೀರ್ಪನ್ನು ಗೌರವದಿಂದ ಓದಬಹುದು, ಪಾಲಿಸಲೇಬೇಕು ಅಂತಿಲ್ಲ. ಇದನ್ನು ಹಟ ಅಂದುಕೊಳ್ಳಬೇಡಿ. ನಿಮ್ಮ ಜಮೀನಿಗೆ ಸೋಮವಾರ ಒಂದು ಕಾನೂನು, ಪಕ್ಕದವರ ಜಮೀನಿಗೆ ಗುರುವಾರ ಇನ್ನೊಂದು ಅಂದರೆ ಯಾರು ಸುಮ್ನಿರುತ್ತಾರೆ?

ಹಾಗಂತ ಎಲ್ಲವೂ ಮುಚ್ಚಿಹೋಗಿಲ್ಲ. ಒಬ್ಬ ವಕೀಲರು ಸೈಟೇಶನ್ (ತಮ್ಮ ವಾದಕ್ಕೆ ಆಧಾರವಾಗಿ ಹಳೇ ತೀರ್ಪಿನ ಉಲ್ಲೇಖ) ಕೊಟ್ಟರೆ ಎದುರಿನವರು ತಕ್ಷಣ ಹೇಳುವುದು, ಆ ಕೇಸಿನ ಸಂಗತಿಗಳೇ ಬೇರೆ ಅಂತ. ಆ ತೀರ್ಪು ಇಲ್ಲಿಗೆ ಹೊಂದುತ್ತದಾ ಇಲ್ಲವಾ ಅಂತ ತೀರ್ಮಾನಿಸುವ ಈ ಜಾಗದಲ್ಲೇ ಬದಲಾದ ಕಾಲ, ಬದಲಾದ ಸಮಾಜ ಎಲ್ಲವೂ ಒಳಗೆ ಬರುತ್ತವೆ.

ಸಲಿಂಗ ಸಂಬಂಧವನ್ನು ಅಪರಾಧ ಅನ್ನುತ್ತಿದ್ದ, ಹಳೇ ಭಾರತೀಯ ದಂಡ ಸಂಹಿತೆಯ 377ನೇ ಸೆಕ್ಷನ್ ಕಥೆ ನೋಡಿ. 2009ರಲ್ಲಿ ದೆಹಲಿ ಹೈಕೋರ್ಟ್, ವಯಸ್ಕರು ಒಪ್ಪಿ ಖಾಸಗಿಯಾಗಿ ನಡೆಸುವ ಸಂಬಂಧ ಅಪರಾಧವಲ್ಲ ಅಂದಿತು. ನಮ್ಮ ಸಮಾಜ ಇದನ್ನು ಒಪ್ಪುವುದಿಲ್ಲ ಅನ್ನುವ ವಾದವೂ ಆ ಕೋರ್ಟ್ ಮುಂದೆ ಇತ್ತು. ಜನ ಯಾವುದನ್ನು ಸರಿ ಅನ್ನುತ್ತಾರೆ ಅನ್ನುವುದಕ್ಕಿಂತ ಸಂವಿಧಾನ ಯಾವುದನ್ನು ಸರಿ ಅನ್ನುತ್ತದೆ ಅನ್ನುವುದು ಮುಖ್ಯ ಅಂತ ಕೋರ್ಟ್ ಉತ್ತರ ಕೊಟ್ಟಿತು. 2013ರಲ್ಲಿ ಸುಪ್ರೀಂ ಕೋರ್ಟ್‌ನ ಇಬ್ಬರ ಪೀಠ ಅದನ್ನು ರದ್ದು ಮಾಡಿತು. ಸಲಿಂಗಿಗಳು ಜನಸಂಖ್ಯೆಯಲ್ಲಿ ತೀರಾ ಸಣ್ಣ ಪಾಲು ಅನ್ನುವುದೂ ಅಲ್ಲಿ ಒಂದು ಕಾರಣವಾಗಿತ್ತು. ಅಲ್ಲಿಗೆ ಎಲ್ಲ ಹೈಕೋರ್ಟ್‌ಗಳ ಕೈ ಕಟ್ಟಿಹೋಯಿತು.

ಆಮೇಲೆ ಖಾಸಗಿತನದ ಕೇಸು ತೀರ್ಪಿಗೆ ಬಂತು. ಅದನ್ನು ಹಾಕಿದವರು ಕರ್ನಾಟಕ ಹೈಕೋರ್ಟ್‌ನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. 1954ರಲ್ಲಿ ಸುಪ್ರೀಂ ಕೋರ್ಟ್‌ನ 8 ಜನರ ಪೀಠ ಖಾಸಗಿತನದ ವಿರುದ್ಧ ಮಾತಾಡಿತ್ತು, ಹಾಗಾಗಿ ಅದನ್ನು ದಾಟಲು 9 ಜನರ ಪೀಠವೇ ಬೇಕಾಯಿತು. 2017ರಲ್ಲಿ ಆ 9 ಜನ ಖಾಸಗಿತನ ಮೂಲಭೂತ ಹಕ್ಕು ಅಂದರು. ಜೊತೆಗೆ, ಸಣ್ಣ ಪಾಲು ಅನ್ನುವ ಕಾರಣಕ್ಕೆ ಹಕ್ಕು ಕಸಿಯುವುದು ತಪ್ಪು ಅಂತಲೂ ಆ ತೀರ್ಪಿನಲ್ಲಿ ಬಂತು. ಅಲ್ಲಿಗೆ 2013ರ ತೀರ್ಪು ಅರ್ಧ ಬಿದ್ದಂತೆಯೇ. 2018ರ ಸೆಪ್ಟೆಂಬರ್ 6ರಂದು 5 ಜನರ ಪೀಠ ಒಮ್ಮತದಿಂದ ಅದನ್ನು ತೆಗೆದುಹಾಕಿತು. ಈ ವರ್ಷಗಳಲ್ಲಿ ಜನರ ಮಾತು, ವಿಶೇಷವಾಗಿ ಚಿಕ್ಕ ವಯಸ್ಸಿನವರ ಮಾತು ಬದಲಾಗಿದ್ದು ನ್ಯಾಯಮೂರ್ತಿಗಳಿಗೆ ಗೊತ್ತಿರಲಿಲ್ಲ ಅಂತ ನಾನು ನಂಬುವುದಿಲ್ಲ. ಅವರೂ ಪೇಪರ್ ಓದುತ್ತಾರೆ, ಅವರ ಮನೆಯಲ್ಲೂ ಮಕ್ಕಳಿದ್ದಾರೆ. ಆದರೂ ಆ ಬದಲಾವಣೆ ತೀರ್ಪಿನೊಳಗೆ ಬಂದಿದ್ದು ಸಂವಿಧಾನದ ಕಾರಣಗಳ ಮೂಲಕ, ತಲೆ ಎಣಿಕೆಯಿಂದ ಅಲ್ಲ.

ಇನ್ನು ಭಯದ ವಿಷಯ. ಸೆಷನ್ಸ್ ಕೋರ್ಟ್ ಗಲ್ಲು ವಿಧಿಸಿದರೆ ಹೈಕೋರ್ಟ್ ಅದನ್ನು ಖಾಯಂ ಮಾಡುವವರೆಗೂ ಜಾರಿಯಾಗುವುದಿಲ್ಲ. ಹಾಗಾಗಿ ಇದು ಹೈಕೋರ್ಟ್‌ನ ದೊಡ್ಡ ಹೊಣೆ. 1980ರ ಬಚನ್ ಸಿಂಗ್ ಕೇಸಿನಲ್ಲಿ ಸುಪ್ರೀಂ ಕೋರ್ಟ್‌ನ 5 ಜನರ ಪೀಠ, ಅಪರೂಪದಲ್ಲೇ ಅಪರೂಪದ ಪ್ರಕರಣದಲ್ಲಿ ಮಾತ್ರ ಗಲ್ಲು, ಅಪರಾಧದ ಜೊತೆ ಅಪರಾಧಿಯ ಬದುಕನ್ನೂ ನೋಡಬೇಕು ಅಂದಿತು. ನ್ಯಾಯಾಧೀಶರು ಜನಾಭಿಪ್ರಾಯದ ವಕ್ತಾರರಾಗಬಾರದು ಅಂತಲೂ ಎಚ್ಚರಿಸಿತು. ಮೂರೇ ವರ್ಷದಲ್ಲಿ, 1983ರ ಮಚ್ಛಿ ಸಿಂಗ್ ಕೇಸಿನಲ್ಲಿ 3 ಜನರ ಪೀಠ, ಸಮಾಜದ ಒಟ್ಟು ಆತ್ಮಸಾಕ್ಷಿಗೆ ಆಘಾತವಾಗಿದೆಯಾ ಅನ್ನುವುದನ್ನು ಅಳತೆಗೋಲಾಗಿ ತಂದಿತು. ಜನರ ಸಿಟ್ಟು ಹೀಗೆ ಕಾನೂನಿನ ಭಾಷೆಯೊಳಗೆ ಬಂದು ಕೂತಿತು. 1995ರಲ್ಲಿ ರಾಜಸ್ಥಾನದಿಂದ ಬಂದ ಒಂದು ಕೇಸಿನಲ್ಲಿ ಸುಪ್ರೀಂ ಕೋರ್ಟ್‌ನ ಇಬ್ಬರ ಪೀಠ ಇನ್ನೂ ಮುಂದೆ ಹೋಗಿ, ನೋಡಬೇಕಾದದ್ದು ಅಪರಾಧವನ್ನು, ಅಪರಾಧಿಯನ್ನಲ್ಲ, ನ್ಯಾಯಕ್ಕಾಗಿ ಸಮಾಜ ಇಡುವ ಮೊರೆಗೆ ಶಿಕ್ಷೆ ಸ್ಪಂದಿಸಬೇಕು ಅಂದಿತು. ಬಚನ್ ಸಿಂಗ್ ತೀರ್ಪಿಗೆ ಇದು ನೇರ ವಿರುದ್ಧ. ಆದರೂ ಮುಂದಿನ ಪೀಠಗಳು ಇದನ್ನೇ ಸೈಟೇಶನ್ ಮಾಡಿಕೊಂಡು ಗಲ್ಲು ಕೊಡುತ್ತಾ ಹೋದವು!

2009ರಲ್ಲಿ ಸುಪ್ರೀಂ ಕೋರ್ಟೇ ಈ ತಪ್ಪನ್ನು ಎತ್ತಿ ಹೇಳಿತು. 2012ರಲ್ಲಿ 14 ನಿವೃತ್ತ ನ್ಯಾಯಮೂರ್ತಿಗಳು ರಾಷ್ಟ್ರಪತಿಗಳಿಗೆ ಬರೆದು, ಹೀಗೆ ತಪ್ಪಾಗಿ ಗಲ್ಲು ಶಿಕ್ಷೆಯಾದ 13 ಕೈದಿಗಳ ಶಿಕ್ಷೆ ಇಳಿಸಿ ಅಂತ ಕೇಳಿಕೊಂಡರು. ಇನ್ನಿಬ್ಬರನ್ನು ಅಷ್ಟರಲ್ಲಾಗಲೇ ನೇಣಿಗೆ ಹಾಕಿ ಆಗಿತ್ತು.

ಇದನ್ನು ಓದಿದಾಗಲೆಲ್ಲ ನನಗೆ ಹೊಟ್ಟೆ ಕಿವುಚುತ್ತದೆ. ಜನರ ಸಿಟ್ಟು ಕೆಲವು ತಿಂಗಳಲ್ಲಿ ಇಳಿಯುತ್ತದೆ. ಆದರೆ ಅದು ಒಮ್ಮೆ ತೀರ್ಪಿನಲ್ಲಿ ಬರಹಕ್ಕಿಳಿದರೆ, ಆ ಅಪರಾಧದ ಹೆಸರೂ ಕೇಳದ ಇನ್ನೊಬ್ಬನ ಕೇಸಿನಲ್ಲಿ ಹಳೇ ತೀರ್ಪಾಗಿ ಎದ್ದು ಬರುತ್ತದೆ. ಹಾಗಾಗಿ ಜನಾಭಿಪ್ರಾಯ ಒಂದು ಕಡೆ, ಹಳೇ ತೀರ್ಪು ಇನ್ನೊಂದು ಕಡೆ ಅಂತ ಎರಡು ಪಕ್ಷ ಮಾಡಿ ನೋಡುವುದು ನನಗೆ ಒಪ್ಪಿಗೆಯಿಲ್ಲ. ಎಷ್ಟೋ ಹಳೇ ತೀರ್ಪಿನಲ್ಲಿ ಅಂದಿನ ಜನರ ಅಭಿಪ್ರಾಯವೇ ಸೇರಿಕೊಂಡಿರುತ್ತದೆ.

ಜನರ ಮಾತು ಸರಿಯಾದ ದಾರಿಯಲ್ಲಿ ಬಂದದ್ದಕ್ಕೆ ಜಲ್ಲಿಕಟ್ಟು, ಕಂಬಳದ ಕೇಸು ನೋಡಬಹುದು. 2014ರಲ್ಲಿ ಸುಪ್ರೀಂ ಕೋರ್ಟ್ ಜಲ್ಲಿಕಟ್ಟು ನಿಷೇಧಿಸಿತು. 2017ರ ಜನವರಿಯಲ್ಲಿ ಚೆನ್ನೈನ ಮರೀನಾದಲ್ಲಿ ಭಾರೀ ಜನ ಸೇರಿದರು, ಕರಾವಳಿಯಲ್ಲೂ ಕಂಬಳಕ್ಕಾಗಿ ಜನ ಬೀದಿಗಿಳಿದರು. ಅದಕ್ಕೆ ಮಣಿದದ್ದು ಸರ್ಕಾರಗಳು. ತಮಿಳುನಾಡು, ಕರ್ನಾಟಕ ಎರಡೂ ಪ್ರಾಣಿಹಿಂಸೆ ತಡೆ ಕಾಯ್ದೆಗೆ ತಿದ್ದುಪಡಿ ತಂದವು. 2023ರ ಮೇ 18ರಂದು 5 ಜನರ ಸಂವಿಧಾನ ಪೀಠ ಆ ತಿದ್ದುಪಡಿಗಳನ್ನು ಎತ್ತಿಹಿಡಿಯಿತು. ಇದು ಜನರ ಸಂಸ್ಕೃತಿಯ ಭಾಗ ಅಂತ ಶಾಸಕಾಂಗವೇ ತೀರ್ಮಾನಿಸಿರುವಾಗ ನಾವು ಅದನ್ನು ಕೆದಕುವುದಿಲ್ಲ ಅಂದಿತು. ಓಟು ಹಾಕಿಸಿಕೊಂಡವರು ಕಾನೂನು ಬದಲಿಸಿದರು, ಕೋರ್ಟ್ ಹೊಸ ಕಾನೂನನ್ನು ನೋಡಿತು. ಪ್ರಾಣಿಗಳ ವಿಷಯದಲ್ಲಿ ಆ ತೀರ್ಪು ಸರಿಯಾ ಅನ್ನುವುದು ಬೇರೆಯೇ ಚರ್ಚೆ.

ಹಾಗಾಗಿ ನಿಮಗೆ ಯಾವುದಾದರೂ ಹೈಕೋರ್ಟ್ ತೀರ್ಪಿನ ಮೇಲೆ ಸಿಟ್ಟು ಬಂದಾಗ, ಅದರ ಪೂರ್ತಿ ಪ್ರತಿ ತೆರೆದು ನೋಡಿ. ಕೋರ್ಟ್ ವೆಬ್‌ಸೈಟಿನಲ್ಲೇ ಸಿಗುತ್ತದೆ. ಯಾವ ಹಿಂದಿನ ತೀರ್ಪಿನ ಮೇಲೆ ನಿಂತಿದೆ, ಎಷ್ಟು ಜನರ ಪೀಠ ಅದು ಅಂತ ಹುಡುಕಿ. ಸುಪ್ರೀಂ ಕೋರ್ಟ್ ತೀರ್ಪು ಅಡ್ಡ ಬಂದಿದ್ದರೆ ಆ ನ್ಯಾಯಮೂರ್ತಿಯನ್ನು ಬೈದು ಪ್ರಯೋಜನವಿಲ್ಲ. ಮೇಲ್ಮನವಿ ಹಾಕಬೇಕು, ಇಲ್ಲವೇ ನಿಮ್ಮ ಶಾಸಕರನ್ನು, ಸಂಸದರನ್ನು ಹಿಡಿಯಬೇಕು. ಅಡ್ಡ ಬರುವ ತೀರ್ಪೇನೂ ಇರಲಿಲ್ಲ, ಕೋರ್ಟ್ ಸಮಾಜ ಏನನ್ನುತ್ತದೋ ಅಂತ ನೋಡಿಯೇ ಹಾಗೆ ಬರೆದಿದೆ ಅಂತ ಕಂಡರೆ ನಿಮ್ಮ ಸಿಟ್ಟಿಗೆ ಅರ್ಥ ಇದೆ, ಆ ತೀರ್ಪನ್ನು ಧಾರಾಳವಾಗಿ ಟೀಕಿಸಿ.