ಜಿಬ್ರಾಲ್ಟರ್ ಜಲಸಂಧಿಯ ಒಳ ಅಲೆಗಳನ್ನು ಅಳೆಯಲು ಹಡಗು ಯಾನವನ್ನು ಯೋಜಿಸುವುದು ಹೇಗೆ?

ತಮ್ಮ ಪ್ರಶ್ನೆಯನ್ನು ನಾನು ಅರ್ಥ ಮಾಡಿಕೊಂಡಿರುವುದು ಹೀಗೆ: ಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿ ಸ್ಪೇನಿನಲ್ಲಿ ಪಿಎಚ್.ಡಿ.ಗೆ ಸೇರಿದ್ದೀರಿ, ಸ್ಪೇನ್ ಮತ್ತು ಮೊರಾಕ್ಕೊಗಳ ನಡುವಿನ ಜಿಬ್ರಾಲ್ಟರ್ ಜಲಸಂಧಿಯ ಒಳ ಅಲೆಗಳನ್ನು (ಅಂದರೆ ಸಮುದ್ರದೊಳಗೆ, ಹಗುರ ಮತ್ತು ಭಾರವಾದ ನೀರಿನ ಪದರಗಳ ಗಡಿಯಲ್ಲಿ ಸಾಗುವ ಅಲೆಗಳನ್ನು) ಕುರಿತು ಸುಮಾರು ಒಂದು ವಾರದ ಹಡಗು ಯಾನಕ್ಕೆ ಪ್ರಸ್ತಾವ ಬರೆಯುವಂತೆ ಮಾರ್ಗದರ್ಶಕರು ಹೇಳಿದ್ದಾರೆ, ಯಾವ ಉಪಕರಣಗಳನ್ನು ಕೇಳಬೇಕು, ಎಷ್ಟು ಕಡೆ ಹಡಗು ನಿಲ್ಲಿಸಬೇಕು ಎಂಬುದು ತಿಳಿಯುತ್ತಿಲ್ಲ. ಮುಂದೆ ಇದೇ ಕೆಲಸವನ್ನು ಅಂಡಮಾನ್ ಸಮುದ್ರದಲ್ಲಿ ಮಾಡಲು ಸಾಧ್ಯವೇ ಎಂದೂ ಕೇಳಿದ್ದೀರಿ. ಸಾಗರ ಭೌತವಿಜ್ಞಾನದಲ್ಲಿ ಕೆಲಸ ಮಾಡುತ್ತ ಇಂಥ ಯಾನಗಳ ಯೋಜನೆಯಲ್ಲಿ ಪಾಲ್ಗೊಂಡವನಾಗಿ ಉತ್ತರಿಸುತ್ತಿದ್ದೇನೆ.

ಹೊಸಬರು ಸಾಮಾನ್ಯವಾಗಿ ನಕ್ಷೆಯನ್ನು ಹರಡಿಕೊಂಡು, ಜಲಸಂಧಿಗೆ ಅಡ್ಡಲಾಗಿ ಗೆರೆ ಎಳೆದು, ಗೆರೆಯ ಮೇಲೆ ಸಮಾನ ದೂರದಲ್ಲಿ ಚುಕ್ಕೆಗಳನ್ನು ಇಡುವುದರಿಂದ ಆರಂಭಿಸುತ್ತಾರೆ. ತೆರೆದ ಸಾಗರದ ಸಮೀಕ್ಷೆಗೆ ಆ ಕ್ರಮ ಸರಿಹೊಂದುತ್ತದೆ. ಜಿಬ್ರಾಲ್ಟರಿನಲ್ಲಿ ಮಾತ್ರ ಮೊದಲು ತೆರೆಯಬೇಕಾದದ್ದು ಉಬ್ಬರವಿಳಿತದ ಪಟ್ಟಿಯನ್ನು, ಏಕೆಂದರೆ ಇಲ್ಲಿ ನೀವು ಅಳೆಯಹೊರಟಿರುವ ಅಲೆ ದಿನದ ನಿರ್ದಿಷ್ಟ ಹೊತ್ತಿಗೆ ನಿರ್ದಿಷ್ಟ ಜಾಗದಿಂದ ಹೊರಟು, ಹೆಚ್ಚುಕಡಿಮೆ ಗೊತ್ತಿರುವ ವೇಗದಲ್ಲಿ ಪೂರ್ವಕ್ಕೆ ಸಾಗುತ್ತದೆ. ಹಡಗು ಯಾವಾಗ ಎಲ್ಲಿರಬೇಕು ಎಂಬುದು ಆ ವೇಳಾಪಟ್ಟಿಯಿಂದ ಹುಟ್ಟಬೇಕು. ಉಪಕರಣಗಳ ಆಯ್ಕೆಯೂ ಅದರಿಂದಲೇ ಹುಟ್ಟುತ್ತದೆ.

ಅಲೆ ಹುಟ್ಟುವ ಬಗೆಯನ್ನು ಚಿಕ್ಕದಾಗಿ ಹೇಳುತ್ತೇನೆ. ಅಟ್ಲಾಂಟಿಕಿನ ಹಗುರವಾದ ನೀರು ಮೇಲ್ಪದರದಲ್ಲಿ ಪೂರ್ವಕ್ಕೆ ಹರಿದು ಮೆಡಿಟರೇನಿಯನ್ ಸೇರುತ್ತದೆ. ಅದಕ್ಕಿಂತ ಹೆಚ್ಚು ಉಪ್ಪಿನ, ಭಾರವಾದ ಮೆಡಿಟರೇನಿಯನ್ ನೀರು ಅದರ ಕೆಳಗೆ ಪಶ್ಚಿಮಕ್ಕೆ ಹರಿಯುತ್ತದೆ. ಮೇಲಿನ ನೀರಿನ ಲವಣಾಂಶ (ಒಂದು ಕಿಲೋ ನೀರಿನಲ್ಲಿರುವ ಉಪ್ಪು, ಗ್ರಾಂಗಳಲ್ಲಿ) 36ರ ಆಸುಪಾಸು, ಕೆಳಗಿನದು 38ಕ್ಕೂ ಹೆಚ್ಚು. ಇವೆರಡರ ನಡುವಿನ ಗಡಿ ಪಶ್ಚಿಮದಲ್ಲಿ ಆಳದಲ್ಲಿದ್ದು, ಪೂರ್ವಕ್ಕೆ ಹೋದಂತೆ ಮೇಲೇರುತ್ತದೆ. ಜಲಸಂಧಿಯ ನಡುವೆ ಇರುವ ಕಾಮರಿನಾಲ್ ದಿಬ್ಬದ ಮೇಲೆ ನೀರಿನ ಆಳ ಕೇವಲ 290 ಮೀಟರಿನಷ್ಟು. ಉಬ್ಬರವಿಳಿತದ ಪ್ರವಾಹ ಪಶ್ಚಿಮಮುಖವಾಗಿ ಜೋರಾದಾಗ, ದಿಬ್ಬದ ಪಶ್ಚಿಮ ಬದಿಯಲ್ಲಿ ಗಡಿ ಪದರ ಆಳವಾಗಿ ಕುಸಿಯುತ್ತದೆ. ಪ್ರವಾಹದ ವೇಗ ಒಳ ಅಲೆಯ ಸಹಜ ವೇಗಕ್ಕಿಂತ ಹೆಚ್ಚಿರುವವರೆಗೂ ಆ ಕುಸಿತ ಅಲ್ಲಿಯೇ ಸಿಕ್ಕಿಕೊಂಡಿರುತ್ತದೆ. ಪ್ರವಾಹ ಸಡಿಲವಾದ ಕೂಡಲೇ ಅದು ದಿಬ್ಬವನ್ನು ದಾಟಿ ಪೂರ್ವಕ್ಕೆ ಹೊರಟು, ದಾರಿಯಲ್ಲಿ ಒಂದರ ಹಿಂದೊಂದರಂತೆ ಅಲೆಗಳ ಸಾಲಾಗಿ ಒಡೆಯುತ್ತದೆ. ದಿಬ್ಬದ ಸಮೀಪ ಈ ಅಲೆಗಳ ಎತ್ತರ 100 ಮೀಟರ್ ಮುಟ್ಟುವುದುಂಟು. ಅದೇ ಹೊತ್ತಿನಲ್ಲಿ ಮೇಲ್ಮೈ ಮೇಲೆ ಕಾಣುವುದು ಒಂದು ಕಲಕಿದ ನೀರಿನ ಪಟ್ಟೆ, ಅದರ ಪಕ್ಕದಲ್ಲಿ ಒಂದು ನುಣುಪಾದ ಪಟ್ಟೆ, ಅಷ್ಟೆ. ಗಾಳಿಯಿಲ್ಲದ ದಿನ ಆ ಕಲಕಿದ ಪಟ್ಟೆ ಹಡಗಿನ ಪಕ್ಕದಲ್ಲಿ ಹಾಯುವಾಗ ನೀರು ಕುದಿಯುವಂಥ ಸದ್ದು ಡೆಕ್ಕಿನವರೆಗೂ ಕೇಳಿಸುತ್ತದೆ.

ಈ ಚಿತ್ರದಲ್ಲಿ ನಿಮಗೆ ಬೇಕಾದದ್ದು ಯಾವ ಭಾಗ ಎಂಬುದನ್ನು ಪ್ರಸ್ತಾವದ ಮೊದಲ ಪುಟದಲ್ಲೇ ನಿರ್ಧರಿಸಿ. ಅಲೆ ಹುಟ್ಟುವ ಕ್ಷಣವೇ, ಅದು ಪೂರ್ವಕ್ಕೆ ಸಾಗುತ್ತ ರೂಪ ಬದಲಿಸುವುದೇ, ಅಥವಾ ಅದರಿಂದ ಎರಡು ಪದರಗಳ ನೀರು ಎಷ್ಟು ಬೆರೆಯುತ್ತದೆ ಎಂಬುದೇ? ಮೂರನ್ನೂ ಒಂದು ವಾರದಲ್ಲಿ ಮಾಡುತ್ತೇನೆ ಎಂದು ಬರೆದರೆ ಪರಿಶೀಲನಾ ಸಮಿತಿ ನಂಬುವುದಿಲ್ಲ, ನಂಬಲೂಬಾರದು. 1985–86ರ ಜಿಬ್ರಾಲ್ಟರ್ ಪ್ರಯೋಗದಲ್ಲಿ ಹಲವು ದೇಶಗಳ ತಂಡಗಳು, ಹಲವು ಹಡಗುಗಳು, ತಿಂಗಳುಗಟ್ಟಲೆ ನೀರಿನಲ್ಲಿ ಬಿಟ್ಟ ಉಪಕರಣಗಳು ಹಂಚಿಕೊಂಡು ಮಾಡಿದ ಕೆಲಸವದು. ಒಂದು ಹಡಗು ಮತ್ತು ಒಂದು ವಾರ ಇರುವವರು ಎರಡನೆಯ ಪ್ರಶ್ನೆಯನ್ನು, ಅಂದರೆ ಅಲೆಯ ರೂಪಾಂತರವನ್ನು, ಹಿಡಿಯುವುದು ಲೇಸು ಎಂಬುದು ನನ್ನ ಅಭಿಪ್ರಾಯ; ಹಡಗಿಗೆ ಇರುವ ಒಂದೇ ದೊಡ್ಡ ಅನುಕೂಲ ಅದು ಚಲಿಸಬಲ್ಲದು ಎಂಬುದಾಗಿದ್ದು, ಆ ಅನುಕೂಲ ಅಲ್ಲಿಯೇ ಪೂರ್ತಿಯಾಗಿ ಬಳಕೆಗೆ ಬರುತ್ತದೆ.

ಇನ್ನು ಲೆಕ್ಕಕ್ಕೆ ಬರೋಣ. ಅಲೆಯ ಉದ್ದ ಒಂದು ಕಿಲೋಮೀಟರ್, ವೇಗ ಸೆಕೆಂಡಿಗೆ 2 ಮೀಟರ್ ಎಂದಿಟ್ಟುಕೊಂಡರೆ, ನಿಂತ ಹಡಗಿನ ಕೆಳಗೆ ಒಂದು ಅಲೆ ಹಾಯಲು ಸುಮಾರು 8 ನಿಮಿಷ ಸಾಕು. ಈಗ ಎಲ್ಲರೂ ಮೊದಲು ಕೇಳುವ ಉಪಕರಣವಾದ ಸಿಟಿಡಿಯನ್ನು ನೋಡಿ; ನೀರಿನ ಲವಣಾಂಶ, ತಾಪಮಾನ ಮತ್ತು ಆಳವನ್ನು ಅಳೆಯುವ ಉಪಕರಣವದು. ವಿಂಚ್ ಅದನ್ನು ಸೆಕೆಂಡಿಗೆ ಒಂದು ಮೀಟರಿನಂತೆ 300 ಮೀಟರಿಗೆ ಇಳಿಸಲು 5 ನಿಮಿಷ, ಎತ್ತಲು ಇನ್ನೈದು ನಿಮಿಷ ತೆಗೆದುಕೊಳ್ಳುತ್ತದೆ. ಅಂದರೆ ಉಪಕರಣ ಒಮ್ಮೆ ಕೆಳಗಿಳಿದು ಮೇಲೆ ಬರುವಷ್ಟರಲ್ಲಿ ಇಡೀ ಅಲೆಯೊಂದು ದಾಟಿಹೋಗಿರುತ್ತದೆ. ಇಳಿಯುವಾಗ ಅಲೆಯ ಮುಂಬದಿಯಲ್ಲಿದ್ದ ಉಪಕರಣ ಏರುವಾಗ ಹಿಂಬದಿಯಲ್ಲಿರುತ್ತದೆ. ಅಂಥ ದತ್ತಾಂಶವನ್ನು ಒಂದೇ ಕ್ಷಣದ ಲಂಬ ಚಿತ್ರವೆಂದು ಬಿಡಿಸಿದರೆ, ಸಮುದ್ರದಲ್ಲಿ ಎಂದೂ ಇರದ ಪದರವೊಂದು ಕಾಗದದ ಮೇಲೆ ಮೂಡುತ್ತದೆ. ಆದ್ದರಿಂದ ಸಿಟಿಡಿಯನ್ನು ಅಲೆ ಬರುವ ಮುನ್ನ ಮತ್ತು ಹೋದ ನಂತರ ಹಿನ್ನೆಲೆಯ ಸಾಂದ್ರತೆಯನ್ನು ಅಳೆಯಲು ಇಟ್ಟುಕೊಳ್ಳಿ. ಅಲೆಯೊಳಗೆ ಇಳಿಸಲೇಬೇಕೆಂದಿದ್ದರೆ, ಗಡಿ ಪದರದ ಸುತ್ತಲಿನ ಕಡಿಮೆ ಆಳದ ಪಟ್ಟಿಯಲ್ಲಿ ಮಾತ್ರ ಮೇಲೆ ಕೆಳಗೆ ಆಡಿಸಿ, ನೀರಿನ ಮಾದರಿ ಹಿಡಿಯುವ ಬಾಟಲಿಗಳ ಆಸೆಯನ್ನು ಆ ಹೊತ್ತಿಗೆ ಬಿಟ್ಟುಬಿಡಿ.

ಅಲೆಯ ಆಕಾರವನ್ನು ಹಿಡಿಯುವ ನಿಜವಾದ ಕೆಲಸ ಧ್ವನಿ ಆಧಾರಿತ ಉಪಕರಣಗಳದ್ದು. ಮೀನಿನ ಸಂಶೋಧನೆಗೆಂದು ಹಡಗಿನಲ್ಲಿ ಇರುವ ಎಕೋ ಸೌಂಡರ್ ಇಲ್ಲಿ ಬಹಳ ಉಪಯುಕ್ತ, ಏಕೆಂದರೆ ಗಡಿ ಪದರದಲ್ಲಿ ಸೇರುವ, ನೀರಿನಲ್ಲಿ ತೇಲುವ ಸಣ್ಣ ಜೀವಿಗಳಾದ ಪ್ಲವಕಗಳೂ ಅಲ್ಲಿನ ಸೂಕ್ಷ್ಮ ಕ್ಷೋಭೆಯೂ ಧ್ವನಿಯನ್ನು ಹಿಂದಿರುಗಿಸುತ್ತವೆ, ಪರದೆಯ ಮೇಲೆ ಅಲೆ ನೇರವಾಗಿ ಕಾಣುತ್ತದೆ. ಡೇವಿಡ್ ಫಾರ್ಮರ್ ಮತ್ತು ಲಾರೆನ್ಸ್ ಆರ್ಮಿ 1988ರಲ್ಲಿ ಜಿಬ್ರಾಲ್ಟರ್ ಕುರಿತು ಪ್ರಕಟಿಸಿದ ಅಧ್ಯಯನಗಳಲ್ಲಿ ಇಂಥ ಧ್ವನಿಚಿತ್ರಗಳಿಗೆ ದೊಡ್ಡ ಪಾತ್ರವಿದೆ. ಪ್ರಸ್ತಾವ ಬರೆಯುವ ಮುನ್ನ ಅವನ್ನು ಓದಲೇಬೇಕು. ಪ್ರವಾಹದ ವೇಗಕ್ಕೆ ಹಡಗಿನ ತಳದಲ್ಲಿರುವ ಎಡಿಸಿಪಿ ಇದೆ; ಧ್ವನಿಯ ಪ್ರತಿಧ್ವನಿಯಿಂದ ಬೇರೆ ಬೇರೆ ಆಳಗಳ ಪ್ರವಾಹವನ್ನು ಅಳೆಯುವ ಉಪಕರಣವದು. ಇದರಲ್ಲಿ ಒಂದು ಸಣ್ಣ ವಿಷಯವನ್ನು ತಂತ್ರಜ್ಞರೊಂದಿಗೆ ಬಂದರಿನಲ್ಲಿಯೇ ಮಾತಾಡಿಕೊಳ್ಳಿ: ಅನೇಕ ಹಡಗುಗಳಲ್ಲಿ ಎಡಿಸಿಪಿ ಓದುವಿಕೆಗಳನ್ನು 5 ನಿಮಿಷಗಳ ಸರಾಸರಿಯಾಗಿ ಉಳಿಸುವುದು ವಾಡಿಕೆ. 8 ನಿಮಿಷದ ಅಲೆಗೆ ಅದು ಏನೇನೂ ಸಾಲದು. ಒಂದೊಂದು ಧ್ವನಿಸ್ಪಂದನದ ಕಚ್ಚಾ ದತ್ತಾಂಶವೂ ಉಳಿಯುವಂತೆ ಮಾಡಿಸಿ. ಸರಾಸರಿಯನ್ನು ಆಮೇಲೆ ದಡದಲ್ಲಿ ಕುಳಿತು ಮಾಡಬಹುದು, ಕಳೆದುಹೋದ ಕಚ್ಚಾ ದತ್ತಾಂಶವನ್ನು ಮರಳಿ ಪಡೆಯಲಾಗದು. ಸಮುದ್ರತಳಕ್ಕೆ ಹತ್ತಿರದ ಕೊನೆಯ ಪದರಗಳು ತಳದ ಪ್ರತಿಧ್ವನಿಯಿಂದ ಕೆಡುತ್ತವೆ ಎಂಬುದೂ ನೆನಪಿರಲಿ: ಎಡಿಸಿಪಿಯ ಧ್ವನಿಕಿರಣಗಳು ಲಂಬರೇಖೆಯಿಂದ 30 ಡಿಗ್ರಿ ಓರೆಯಾಗಿದ್ದರೆ ಆಳದ ಸುಮಾರು ಶೇಕಡಾ 13ರಷ್ಟು, 20 ಡಿಗ್ರಿಯಾದರೆ ಶೇಕಡಾ 6ರಷ್ಟು. ಹಡಗನ್ನು ನಡೆಸುವ ಕೋಣೆಯಾದ ಬ್ರಿಡ್ಜಿನ ರಾಡಾರ್ ಪರದೆಯ ಚಿತ್ರಗಳನ್ನು ದಾಖಲಿಸಲು ಅನುಮತಿ ಕೇಳಿ; ಕಲಕಿದ ಪಟ್ಟೆಗಳು ಅದರಲ್ಲಿ ಕಾಣುವುದರಿಂದ ಅಲೆ ಎಷ್ಟು ದೂರದಲ್ಲಿದೆ, ಯಾವ ಕೋನದಲ್ಲಿ ಬರುತ್ತಿದೆ ಎಂಬುದು ಮುಂಚಿತವಾಗಿ ಗೊತ್ತಾಗುತ್ತದೆ.

ಹಡಗನ್ನು ಓಡಿಸುವ ಕ್ರಮ ಇದಕ್ಕಿಂತಲೂ ಮುಖ್ಯ. ದಿಬ್ಬದಿಂದ ಹೊರಟ ಅಲೆ ಸ್ಪೇನಿನ ತೀರದ ತಾರಿಫಾದ ಎದುರಿನ ಇಕ್ಕಟ್ಟಿಗೆ ಬರಲು ಸುಮಾರು ಎರಡು ಗಂಟೆ, ಜಿಬ್ರಾಲ್ಟರ್ ಬಂಡೆಯ ನೇರಕ್ಕೆ ಬರಲು ಐದಾರು ಗಂಟೆ ಬೇಕು. ಅಲೆಯ ಜೊತೆಗೆ ಅದೇ ವೇಗದಲ್ಲಿ ಪೂರ್ವಕ್ಕೆ ಸಾಗಿದರೆ ಅದನ್ನು ದಾಟುವುದೇ ಇಲ್ಲ. ಎದುರಾಗಿ 4 ನಾಟ್, ಅಂದರೆ ಸೆಕೆಂಡಿಗೆ 2 ಮೀಟರ್ ವೇಗದಲ್ಲಿ ಬಂದರೆ ಅಲೆಯನ್ನು 4 ನಿಮಿಷಗಳಲ್ಲಿ ದಾಟುತ್ತೀರಿ. ಆ ಅವಧಿಯಲ್ಲಿ ಹಡಗು ನೆಲದ ಮೇಲೆ ಕ್ರಮಿಸಿರುವುದು 500 ಮೀಟರ್ ಮಾತ್ರವಾದ್ದರಿಂದ, ಒಂದು ಕಿಲೋಮೀಟರಿನ ಅಲೆ ನಿಮ್ಮ ನಕ್ಷೆಯಲ್ಲಿ ಅರ್ಧ ಉದ್ದಕ್ಕೆ ಕುಗ್ಗಿ ಕಾಣುತ್ತದೆ. ಇದನ್ನು ಸರಿಪಡಿಸಲು ಅಲೆಯ ವೇಗ ಬೇಕು, ವೇಗ ತಿಳಿಯಲು ಅದೇ ಅಲೆಯನ್ನು ಎರಡು ಕಡೆಯಾದರೂ ದಾಟಿರಬೇಕು. ಒಮ್ಮೆ ಎದುರಾಗಿ ದಾಟಿ, ತಿರುಗಿ, 10 ನಾಟ್ ವೇಗದಲ್ಲಿ ಅಲೆಸಾಲನ್ನು ಹಿಂದಿಕ್ಕಿ, ಮುಂದೆ ಹೋಗಿ ಮತ್ತೆ ಎದುರಾದರೆ, ಅದು ಜಲಸಂಧಿಯನ್ನು ಬಿಡುವಷ್ಟರಲ್ಲಿ ಒಂದೇ ಸಾಲನ್ನು ಮೂರು ನಾಲ್ಕು ಬಾರಿ ನೋಡಬಹುದು.

ಹೀಗೆ ಕಾಗದದ ಮೇಲೆ ಬರೆದದ್ದನ್ನು ಕ್ಯಾಪ್ಟನ್ ಕೈಗೆ ಕೊಟ್ಟಾಗ ಅವರು ಮೊದಲು ಕೇಳುವುದು ಸಂಚಾರದ ಪಥಗಳ ಬಗ್ಗೆ. ಜಲಸಂಧಿಯಲ್ಲಿ ಪೂರ್ವಕ್ಕೆ ಹೋಗುವ ಹಡಗುಗಳಿಗೆ ದಕ್ಷಿಣದ ಪಥ, ಪಶ್ಚಿಮಕ್ಕೆ ಹೋಗುವವಕ್ಕೆ ಉತ್ತರದ ಪಥ. ಸಮುದ್ರದಲ್ಲಿ ಡಿಕ್ಕಿ ತಡೆಯುವ ಅಂತಾರಾಷ್ಟ್ರೀಯ ನಿಯಮಗಳ 10ನೆಯ ನಿಯಮದ ಪ್ರಕಾರ ಪಥದ ದಿಕ್ಕಿನಲ್ಲಿಯೇ ಸಾಗಬೇಕು, ಅಡ್ಡ ದಾಟುವುದಾದರೆ ಸಾಧ್ಯವಾದಷ್ಟು ಲಂಬಕೋನದಲ್ಲಿ ದಾಟಬೇಕು. ಈ ನಿಯಮದಿಂದ ವಿನಾಯಿತಿ ಇರುವುದು ಸಂಚಾರ ಸುರಕ್ಷತೆಯ ಕೆಲಸಕ್ಕೆ ಮತ್ತು ಸಮುದ್ರತಳದ ಕೇಬಲ್ ಕೆಲಸಕ್ಕೆ; ಸಂಶೋಧನೆ ಆ ಪಟ್ಟಿಯಲ್ಲಿ ಇಲ್ಲ. ಹಾಗಾಗಿ ಅಲೆಗೆ ಎದುರಾಗಿ ಪಶ್ಚಿಮಕ್ಕೆ ಹೋಗುವ ಅಳತೆಯ ಓಟಗಳನ್ನು ಉತ್ತರದ ಪಥದಲ್ಲಿಯೂ, ಅಲೆಯನ್ನು ಹಿಂದಿಕ್ಕುವ ಓಟಗಳನ್ನು ದಕ್ಷಿಣದ ಪಥದಲ್ಲಿಯೂ ಯೋಜಿಸಿ. ಅಲೆಯ ಮುಂಚೂಣಿ ಉತ್ತರದಲ್ಲಿ ಮತ್ತು ದಕ್ಷಿಣದಲ್ಲಿ ಒಂದೇ ತೆರನಾಗಿ ಇರುವುದಿಲ್ಲವಾದ್ದರಿಂದ, ಹೋಲಿಕೆಯನ್ನು ಉತ್ತರದ ಓಟಗಳ ನಡುವೆ ಮಾತ್ರ ಮಾಡಿ. ತಾರಿಫಾ ಮತ್ತು ಮೊರಾಕ್ಕೊದ ಟ್ಯಾಂಜಿಯರಿನ ಸಂಚಾರ ನಿಯಂತ್ರಣ ಕೇಂದ್ರಗಳಿಗೆ ಯೋಜನೆಯನ್ನು ಮೊದಲೇ ಕಳಿಸಿರಬೇಕು. ಎರಡು ದಡಗಳ ನಡುವೆ ಓಡಾಡುವ ವೇಗದ ಫೆರ್ರಿಗಳ ಸಮಯವನ್ನೂ ತಿಳಿದುಕೊಳ್ಳಿ. ವಸಂತದಲ್ಲಿ ಸ್ಪೇನಿನ ತೀರದಲ್ಲಿ ಟ್ಯೂನಾ ಮೀನಿಗೆ ಹಾಕುವ ಬೃಹತ್ ಬಲೆಗಳ ಜಾಗಗಳು ನಕ್ಷೆಯಲ್ಲಿರಲಿ.

ದಿನಾಂಕಗಳ ಆಯ್ಕೆಗೆ ಚಂದ್ರನೇ ಆಧಾರ. ಹುಣ್ಣಿಮೆ, ಅಮಾವಾಸ್ಯೆಗಳ ಮರುದಿನಗಳಲ್ಲಿ ಅಲೆಗಳು ಬಲವಾಗಿರುತ್ತವೆ. ಅಷ್ಟಮಿಯ ಆಸುಪಾಸಿನಲ್ಲಿ ದುರ್ಬಲವಾಗುತ್ತವೆ, ಕೆಲವು ಉಬ್ಬರಗಳಲ್ಲಿ ಹುಟ್ಟದೆಯೂ ಇರಬಹುದು. ಏಳು ದಿನಗಳನ್ನು ಬಲವಾದ ಹೊತ್ತಿನಲ್ಲಿ ಆರಂಭಿಸಿ ದುರ್ಬಲ ಹೊತ್ತಿನಲ್ಲಿ ಮುಗಿಸಿದರೆ ಎರಡೂ ಸ್ಥಿತಿಗಳು ಸಿಗುತ್ತವೆ. ಅಲೆ ಹೊರಡುವ ಸಮಯ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತ ಹೋಗುವುದರಿಂದ, ಮೊದಲ ದಿನ ಬೆಳಗಿನ ಪಾಳಿಯವರಿಗೆ ಸಿಕ್ಕ ಅಲೆ ವಾರದ ಕೊನೆಗೆ ಮಧ್ಯಾಹ್ನದ ಪಾಳಿಯವರ ಪಾಲಾಗುತ್ತದೆ. ಪಾಳಿಗಳನ್ನು ಗಡಿಯಾರಕ್ಕೆ ಕಟ್ಟಿಹಾಕದೆ ಉಬ್ಬರಕ್ಕೆ ಹೊಂದಿಸಿ, ಅನುಭವಿಗಳೊಬ್ಬರು ಪ್ರತಿ ಪಾಳಿಯಲ್ಲೂ ಇರುವಂತೆ ನೋಡಿಕೊಳ್ಳಿ. ಪ್ರತಿಯೊಂದು ಉಪಕರಣದ ಗಡಿಯಾರವೂ, ದಿನಚರಿಯ ಪ್ರತಿ ಸಾಲೂ ಯುಟಿಸಿಯಲ್ಲಿ, ಅಂದರೆ ಜಗತ್ತಿಗೆಲ್ಲ ಒಂದೇ ಆದ ಪ್ರಮಾಣ ಸಮಯದಲ್ಲಿ, ಇರಬೇಕು. ಸ್ಪೇನಿನ ಸಮಯ ಬೇಸಿಗೆಯಲ್ಲಿ ಒಂದು ಗಂಟೆ ಮುಂದಕ್ಕೆ ಹೋಗುತ್ತದೆ. ಮೊರಾಕ್ಕೊ ವರ್ಷವಿಡೀ ಯುಟಿಸಿಗಿಂತ ಒಂದು ಗಂಟೆ ಮುಂದಿದ್ದು, ರಂಜಾನ್ ತಿಂಗಳಲ್ಲಿ ಮಾತ್ರ ಯುಟಿಸಿಗೆ ಮರಳುತ್ತದೆ. ಒಂದು ಗಂಟೆಯ ಗೊಂದಲವೆಂದರೆ ಇಲ್ಲಿ ಏಳು ಕಿಲೋಮೀಟರ್ ದೂರದ ಗೊಂದಲ.

ಒಂದೇ ಜಾಗದಲ್ಲಿ ನಿರಂತರ ಅಳತೆ ಬೇಕಿದ್ದರೆ ಲಂಗರು ಹಾಕಿದ ತಾಪಮಾಪಕಗಳ ಸರಪಣಿ ಬೇಕು. ದಿಬ್ಬದ ಮೇಲೆ ಪ್ರವಾಹ ಸೆಕೆಂಡಿಗೆ 2 ಮೀಟರ್ ಮೀರುವುದರಿಂದ ಸರಪಣಿ ವಾಲಿ ಕೆಳಗೆ ಬಾಗುತ್ತದೆ. ಅದರ ಹಲವು ಎತ್ತರಗಳಲ್ಲಿ ಒತ್ತಡಮಾಪಕ ಇಡದಿದ್ದರೆ, ಸರಪಣಿ ಬಾಗಿದ್ದನ್ನೇ ಪದರ ಏರಿತೆಂದು ಓದುವ ಅಪಾಯವಿದೆ.

ಅನುಮತಿಯ ವಿಷಯವನ್ನು ಇಷ್ಟು ತಡವಾಗಿ ಹೇಳುತ್ತಿದ್ದರೂ ಕೆಲಸದಲ್ಲಿ ಅದೇ ಎಲ್ಲಕ್ಕಿಂತ ಮೊದಲು ಆಗಬೇಕು. 1982ರ ಸಮುದ್ರ ಕಾನೂನು ಒಪ್ಪಂದದ 40ನೆಯ ವಿಧಿಯಂತೆ, ಜಲಸಂಧಿಯನ್ನು ದಾಟಿಹೋಗುವ ಹಕ್ಕು ಎಲ್ಲ ಹಡಗುಗಳಿಗೂ ಇದ್ದರೂ, ದಾಟುವಾಗ ದಡದ ದೇಶಗಳ ಪೂರ್ವಾನುಮತಿಯಿಲ್ಲದೆ ಸಂಶೋಧನೆ ನಡೆಸುವಂತಿಲ್ಲ. 248ನೆಯ ವಿಧಿಯಂತೆ ಯೋಜನೆಯ ವಿವರಗಳನ್ನು ಕನಿಷ್ಠ ಆರು ತಿಂಗಳ ಮೊದಲು ಕೊಡಬೇಕು. 249ನೆಯ ವಿಧಿ ದಡದ ದೇಶಕ್ಕೆ ತನ್ನ ಪ್ರತಿನಿಧಿಯನ್ನು ಹಡಗಿನಲ್ಲಿ ಕಳಿಸುವ ಹಕ್ಕನ್ನು ನೀಡುತ್ತದೆ. ಹಡಗು ಸ್ಪೇನಿನದ್ದಾದರೂ ಅಲೆ ಮೊರಾಕ್ಕೊದ ನೀರಿನಲ್ಲೂ ಹಾಯುತ್ತದೆ, ದಕ್ಷಿಣದ ಪಥದಲ್ಲಿ ಉಪಕರಣಗಳನ್ನು ಚಾಲೂ ಇಡಲು ಆ ದೇಶದ ಒಪ್ಪಿಗೆ ಬೇಕು. ಅವರ ವೀಕ್ಷಕರಿಗೊಂದು ಹಾಸಿಗೆಯನ್ನು ಆರಂಭದಿಂದಲೇ ಮೀಸಲಿಡಿ. ಸಾಧ್ಯವಾದರೆ ಆ ಜಾಗಕ್ಕೆ ಮೊರಾಕ್ಕೊದ ವಿಶ್ವವಿದ್ಯಾಲಯದ ಸಹಸಂಶೋಧಕರನ್ನೇ ಆಹ್ವಾನಿಸಿ, ಕೆಲಸವೂ ಚೆನ್ನಾಗಿ ಆಗುತ್ತದೆ.

ಜೋರಾದ ಮೂಡಣ ಗಾಳಿ ತಾರಿಫಾದ ಬಳಿ ಆಗಾಗ ಬೀಸುತ್ತದೆ, ಆಗ ಸಿಟಿಡಿಯನ್ನು ಹಡಗಿನ ಬದಿಯಿಂದ ಇಳಿಸಲಾಗದು, ರಾಡಾರಿನಲ್ಲಿ ಪಟ್ಟೆಗಳೂ ಮಸುಕಾಗುತ್ತವೆ. ಅಂಥ ದಿನಕ್ಕೆ ಎಡಿಸಿಪಿ ಮತ್ತು ಎಕೋ ಸೌಂಡರ್ ಮಾತ್ರ ಬಳಸುವ ಪರ್ಯಾಯ ಯೋಜನೆಯೊಂದನ್ನು ಪ್ರಸ್ತಾವದಲ್ಲಿಯೇ ಬರೆದಿಡಿ. ರಾಡಾರ್ ಚಿತ್ರ ತೆಗೆಯುವ ಸೆಂಟಿನೆಲ್-1 ಉಪಗ್ರಹ ಆ ಪ್ರದೇಶದ ಮೇಲೆ ಹಾಯುವ ಹೊತ್ತುಗಳನ್ನೂ ವೇಳಾಪಟ್ಟಿಯಲ್ಲಿ ಗುರುತಿಸಿ. ಅದರ ಚಿತ್ರದಲ್ಲಿ ಅಲೆಗಳು ಜಲಸಂಧಿಯ ಪೂರ್ವಕ್ಕಿರುವ ಅಲ್ಬೊರಾನ್ ಸಮುದ್ರದೊಳಗೆ ಕಮಾನುಗಳಾಗಿ ಹರಡುವುದು ಕಾಣುತ್ತದೆ.

ಅಂಡಮಾನಿನ ಬಗ್ಗೆ: ಖಂಡಿತ ಮಾಡಬಹುದು. ಅಲ್ಲಿನ ದೊಡ್ಡ ಒಳ ಅಲೆಗಳ ಬಗ್ಗೆ ಓಸ್ಬೋರ್ನ್ ಮತ್ತು ಬರ್ಚ್ 1980ರಲ್ಲಿ ಬರೆದ ಪ್ರಬಂಧ ಈ ಕ್ಷೇತ್ರದ ಎಲ್ಲರಿಗೂ ಪರಿಚಿತ. ಆದರೆ ಜಿಬ್ರಾಲ್ಟರಿನ ಯೋಜನೆಯನ್ನು ಹಾಗೆಯೇ ಅಲ್ಲಿಗೆ ಒಯ್ಯಲಾಗದು. ಜಿಬ್ರಾಲ್ಟರಿನ ಅತಿ ಕಿರಿದಾದ ಭಾಗ 14 ಕಿಲೋಮೀಟರ್ ಅಗಲವಿದ್ದರೆ, ಲಿಟ್ಲ್ ಅಂಡಮಾನ್ ಮತ್ತು ಕಾರ್ ನಿಕೋಬಾರ್ ನಡುವಿನ ಟೆನ್ ಡಿಗ್ರಿ ಚಾನೆಲ್ ಸುಮಾರು 150 ಕಿಲೋಮೀಟರ್ ಅಗಲವಿದೆ. ದ್ವೀಪಸಾಲಿನ ಉದ್ದಕ್ಕೂ ಅಲೆ ಹುಟ್ಟುವ ದಿಬ್ಬಗಳು ಹಲವು ಇರುವುದರಿಂದ, ಒಂದು ಅಲೆಸಾಲು ಯಾವ ದಿಬ್ಬದಿಂದ ಬಂತೆಂದು ಗುರುತಿಸಲು ಉಪಗ್ರಹ ಚಿತ್ರಗಳ ದೀರ್ಘ ಅಧ್ಯಯನ ಯಾನಕ್ಕಿಂತ ಮೊದಲೇ ನಡೆದಿರಬೇಕು. ಅಲೆ ಹುಟ್ಟುವ ಜಾಗಗಳು ಬಹುಪಾಲು ಭಾರತದ ನೀರಿನಲ್ಲಿರುವುದು ಅನುಕೂಲವೇ. ಅವು ಪೂರ್ವಕ್ಕೆ ಸಾಗಿ ಥಾಯ್ಲೆಂಡಿನ ಸಿಮಿಲನ್ ದ್ವೀಪಗಳ ಹವಳದ ದಿಬ್ಬಗಳವರೆಗೂ ತಲುಪುತ್ತವೆಯಾದ್ದರಿಂದ, ಅಷ್ಟು ದೂರ ಬೆನ್ನುಹತ್ತುವುದಾದರೆ ಅಲ್ಲಿಯೂ ಆರು ತಿಂಗಳ ಮೊದಲು ಅರ್ಜಿ ಹಾಕಬೇಕು.