ಮರದ ಚೌಕಟ್ಟಿನ ಮನೆ: ತೇವ, ಗೆದ್ದಲು ಮತ್ತು ಬಾಳಿಕೆಯ ಬಗ್ಗೆ

ಗೋಡೆ ತಟ್ಟಿದರೆ ಟೊಳ್ಳು ಸದ್ದು ಬರುವ ಈ ಮರದ ಮನೆಗಳು ಎಷ್ಟು ಕಾಲ ಬಾಳುತ್ತವೆ, ಮಳೆಗೆ ಕೊಳೆಯುವುದಿಲ್ಲವೇ, ಗೆದ್ದಲು ಹಿಡಿದರೆ ಗತಿಯೇನು ಎಂದು ಕೇಳಿದ್ದೀರಿ. ಹೊಸ ದೇಶದಲ್ಲಿ ಮನೆ ಕೊಳ್ಳಲು ಹೊರಟವರಿಗೆ, ಅದರಲ್ಲೂ ಇಟ್ಟಿಗೆ, ಸಿಮೆಂಟಿನ ಗೋಡೆಗಳ ನಡುವೆ ಬೆಳೆದವರಿಗೆ, ಈ ಅನುಮಾನ ಬರುವುದು ಸಹಜ. ಬಹುಕಾಲದಿಂದ ಇಂಥ ಮನೆಯಲ್ಲೇ ವಾಸಿಸುತ್ತಿರುವ ನಾನು ಖಚಿತವಾಗಿ ಹೇಳಬಲ್ಲ ಮಾತೆಂದರೆ, ಮರ ಒಮ್ಮೆ ನೆನೆದ ಮಾತ್ರಕ್ಕೆ ಕೆಡುವುದಿಲ್ಲ. ನೆನೆದ ಮರಕ್ಕೆ ಒಣಗಲು ದಾರಿಯಿಲ್ಲದಿದ್ದಾಗ ಕೆಡುತ್ತದೆ.

ಜಪಾನಿನ ಹೋರ್ಯೂಜಿ ದೇವಾಲಯದ ಮರದ ಕಟ್ಟಡಗಳು ಸುಮಾರು 1300 ವರ್ಷಗಳಿಂದ ನಿಂತಿವೆ. ನಾರ್ವೆಯ ಉದಾಹರಣೆ ಇನ್ನೂ ಹೆಚ್ಚು ಕಲಿಸುತ್ತದೆ. ಅಲ್ಲಿ ಮೊದಮೊದಲು ಚರ್ಚುಗಳ ಕಂಬಗಳನ್ನು ನೇರವಾಗಿ ನೆಲದಲ್ಲಿ ಹೂಳುತ್ತಿದ್ದರು, ಅವು ಬುಡದಲ್ಲಿ ಕೊಳೆತು ಹೋದವು; ಆಮೇಲೆ ಕಲ್ಲಿನ ತಳಪಾಯದ ಮೇಲೆ ಅಡಿತೊಲೆ ಇಟ್ಟು ಅದರ ಮೇಲೆ ಕಂಬ ನಿಲ್ಲಿಸಲು ತೊಡಗಿದರು, ಹಾಗೆ 12ನೆಯ ಶತಮಾನದಲ್ಲಿ ಕಟ್ಟಿದ ಬೋರ್ಗುಂಡ್ ಚರ್ಚು ಇಂದಿಗೂ ಇದೆ. ಮರವನ್ನು ಮಣ್ಣಿನಿಂದ ಮೇಲೆತ್ತಿದ್ದರಿಂದಲೇ ಅದರ ಆಯುಷ್ಯ ಬೆಳೆಯಿತು.

ಮರವನ್ನು ಕೊಳೆಸುವುದು ಶಿಲೀಂಧ್ರ. ವಾಸವಿರುವ ಮನೆಯ ಒಳಗಿನ ಮರದಲ್ಲಿ ಸಾಮಾನ್ಯವಾಗಿ ಶೇ. 8ರಿಂದ 12ರಷ್ಟು ತೇವವಿರುತ್ತದೆ, ಶೇ. 20ರ ಕೆಳಗೆ ಇರುವವರೆಗೆ ಕೊಳೆತ ಶುರುವಾಗುವುದಿಲ್ಲ, ಶೇ. 30ರ ಆಸುಪಾಸಿಗೇರಿ ಬಹುಕಾಲ ಅಲ್ಲೇ ಉಳಿದರೆ ಬೇಗನೆ ಹರಡುತ್ತದೆ. ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲೂ ನ್ಯೂಜಿಲೆಂಡಿನಲ್ಲೂ 1990ರ ದಶಕದಲ್ಲಿ ಕಟ್ಟಿದ ಸಾವಿರಾರು ಮನೆಗಳು ಈ ಕಾರಣಕ್ಕೇ ಹಾಳಾದವು. ಸೂರು ಮುಂದಕ್ಕೆ ಚಾಚದ, ಹೊರಗೋಡೆಗೆ ಗಾರೆಯಂಥ ಹೊದಿಕೆಯನ್ನು ಸಂದಿಲ್ಲದಂತೆ ಮೆತ್ತಿದ ಆ ಮನೆಗಳಲ್ಲಿ, ಕಿಟಕಿಯ ಅಂಚಿನಿಂದ ಒಳಸೇರಿದ ನೀರು ಹೊರಬರಲಾರದೆ ಗೋಡೆಯೊಳಗೇ ಉಳಿಯಿತು. ಆಮೇಲಿನ ಕಟ್ಟಡಗಳಲ್ಲಿ ಹೊದಿಕೆಗೂ ಚೌಕಟ್ಟಿಗೂ ನಡುವೆ ನೀರು ಇಳಿದು ಗಾಳಿಯಾಡಲು ಸಣ್ಣ ಸಂದು ಬಿಡುವ ಪದ್ಧತಿ ಬಂತು. ನೀವು ನೋಡುತ್ತಿರುವ ಮನೆಯಲ್ಲಿ ಆ ಸಂದು ಇದೆಯೇ, ಕಿಟಕಿಗಳ ಮೇಲೆ ನೀರು ತಿರುಗಿಸುವ ಲೋಹದ ಪಟ್ಟಿ ಇದೆಯೇ, ಸೂರು ಎಷ್ಟು ಚಾಚಿದೆ ಎಂಬುದನ್ನು ತಪ್ಪದೆ ವಿಚಾರಿಸಿ. ಅಗಲವಾದ ಸೂರಿನ ಮನೆಯನ್ನು ನಾನಂತೂ ಸದಾ ಮೇಲೆಂದೇ ಎಣಿಸುತ್ತೇನೆ.

ತೇವ ಹೊರಗಿನಿಂದಷ್ಟೇ ಬರುವುದಿಲ್ಲ. ಅಡುಗೆ, ಸ್ನಾನ, ಒಳಗೆ ಒಣಹಾಕಿದ ಬಟ್ಟೆ, ಇವುಗಳಿಂದ ಏಳುವ ಆವಿ ಚಳಿಗಾಲದಲ್ಲಿ ಗೋಡೆಯ ತಣ್ಣನೆಯ ಭಾಗಕ್ಕೆ ತಾಗಿ ನೀರಾಗುತ್ತದೆ. ಬಚ್ಚಲುಮನೆಯ ಫ್ಯಾನಿನ ಕೊಳವೆ ಗಾಳಿಯನ್ನು ಮನೆಯ ಹೊರಕ್ಕೇ ಬಿಡುತ್ತಿದೆಯೇ ಎಂದು ನೋಡಿಕೊಳ್ಳಿ. ಅದು ಅಟ್ಟದೊಳಗೆ ಮುಗಿದಿದ್ದರೆ ಚಾವಣಿಯ ಹಲಗೆಗಳಿಗೆ ಬೂಷ್ಟು ಬರುವುದು ಬಹುತೇಕ ನಿಶ್ಚಿತ. ಒಳಗಿನ ಗಾಳಿಯ ಆರ್ದ್ರತೆಯನ್ನು ಶೇ. 30ರಿಂದ 50ರೊಳಗೆ ಇಟ್ಟುಕೊಳ್ಳುವುದು ಒಳ್ಳೆಯದು.

ಕೀಟಗಳೂ ಬಹುಪಾಲು ನೀರಿನ ಜಾಡು ಹಿಡಿದೇ ಬರುತ್ತವೆ. ನೆಲದಡಿಯ ಗೆದ್ದಲಿಗೆ ಮಣ್ಣಿನ ತೇವ ಬೇಕು. ಅದಕ್ಕಾಗಿ ತಳಪಾಯದ ಮೇಲೆ ಪೆನ್ಸಿಲ್ ದಪ್ಪದ ಮಣ್ಣಿನ ಕೊಳವೆ ಕಟ್ಟಿಕೊಂಡು ಮರದತ್ತ ಏರುತ್ತದೆ. ಅಂಥ ಕೊಳವೆ ಕಂಡರೆ ಒಡೆದು ನೋಡಿ, ನಂತರ ಪರಿಣತರನ್ನು ಕರೆಸಿ. ಒಣಮರದ ಗೆದ್ದಲು ಮಾತ್ರ ಬೇರೆ ಜಾತಿಯದು, ಅದಕ್ಕೆ ನೆಲದ ಸಂಪರ್ಕವೇ ಬೇಕಿಲ್ಲ. ಬೆಚ್ಚನೆಯ ಪ್ರದೇಶಗಳಲ್ಲಿ ಅದರ ಮೇಲೂ ಕಣ್ಣಿಡಬೇಕು. ಮರದೊಳಗೆ ಗೂಡು ಕೊರೆಯುವ ದೊಡ್ಡ ಕಪ್ಪು ಇರುವೆಗಳು ಮರವನ್ನು ತಿನ್ನುವುದಿಲ್ಲ, ಆದರೆ ಅವು ನೆನೆದು ಮೆತ್ತಗಾದ ಮರವನ್ನೇ ಹುಡುಕುವುದರಿಂದ, ಅವು ಕಂಡಲ್ಲಿ ಹತ್ತಿರದಲ್ಲೆಲ್ಲೋ ಸೋರಿಕೆ ಇರಬಹುದೆಂದು ತಿಳಿಯಬೇಕು. ಔಷಧಿ ಹೊಡೆಸಿ ಸೋರಿಕೆಯನ್ನು ಹಾಗೆಯೇ ಬಿಟ್ಟರೆ ಅವು ಮರಳಿ ಬರುತ್ತವೆ. ಸೌದೆಯ ರಾಶಿಯನ್ನು ಗೋಡೆಗೆ ಒರಗಿಸದಿರುವುದು, ಹೊರಹೊದಿಕೆಯ ಕೆಳಅಂಚಿಗೂ ಮಣ್ಣಿಗೂ ನಡುವೆ ಕನಿಷ್ಠ 15 ಸೆಂಟಿಮೀಟರ್ ಅಂತರ ಉಳಿಸುವುದು, ಸೂರಿನಂಚಿನ ಗಟರಿನಿಂದ ಇಳಿಯುವ ಮಳೆನೀರು ತಳಪಾಯದಿಂದ ದೂರ ಹರಿಯುವಂತೆ ನೋಡಿಕೊಳ್ಳುವುದು, ಈ ಕೆಲಸಗಳು ಕೊಳೆತ, ಕೀಟ ಎರಡನ್ನೂ ತಡೆಯುತ್ತವೆ.

ಕೊಳ್ಳುವ ಮುನ್ನ ಮನೆ ಪರೀಕ್ಷಿಸುವವರ ಜೊತೆ ನೀವೂ ಹೋಗಿ. ತೇವ ಅಳೆಯುವ ಮೀಟರನ್ನು ಕಿಟಕಿಗಳ ಕೆಳಗೆ, ಬಚ್ಚಲಿನ ಹಿಂಗೋಡೆಗೆ, ತಳಪಾಯದ ಮೇಲಿನ ಅಡಿತೊಲೆಗೆ ಹಿಡಿಯಲು ಹೇಳಿ. ಅಡಿತೊಲೆಯನ್ನು ಸ್ಕ್ರೂಡ್ರೈವರಿನ ತುದಿಯಿಂದ ಒತ್ತಿಸಿ, ಸುಲಭವಾಗಿ ಒಳಗಿಳಿದರೆ ಮರ ಕೊಳೆತಿದೆ ಎಂದರ್ಥ. ನೆಲಹಾಸಿನಡಿ ತೆವಳಿ ಹೋಗುವ ಜಾಗವಿದ್ದರೆ ಅಲ್ಲಿ ಬರಿಮಣ್ಣಿಗೆ ಪ್ಲಾಸ್ಟಿಕ್ ಹಾಳೆ ಹೊದಿಸಿದ್ದಾರೆಯೇ ಎಂದೂ ನೋಡಿಸಿ. ಒಂದೇ ಗೋಡೆಯ ಕೆಳಭಾಗಕ್ಕೆ ಮಾತ್ರ ಹೊಸ ಬಣ್ಣ ಬಳಿದಿದ್ದರೆ ಅದಕ್ಕೆ ಕಾರಣವನ್ನು ಮಾರುವವರಿಂದ ಬರಹದಲ್ಲಿ ಕೇಳಿ ಪಡೆಯಿರಿ.