ಆಂಟಿವೈರಸ್ ಇದ್ದೂ ಫೈಲುಗಳು ಲಾಕ್ ಆದದ್ದೇಕೆ?

ಹಣ ಕೊಟ್ಟು ಹಾಕಿಸಿದ ಆಂಟಿವೈರಸ್ ಇದ್ದರೂ ನಿಮ್ಮ ಕಚೇರಿಯ ಫೈಲುಗಳೆಲ್ಲ, ಫೈಲು ಲಾಕ್ ಮಾಡಿ ಬಿಡಿಸಲು ಹಣ ಕೇಳುವ ದುಷ್ಟ ಪ್ರೋಗ್ರಾಮಾದ ರ‍್ಯಾನ್ಸಮ್‌ವೇರ್‌ಗೆ ಸಿಕ್ಕಿ ಲಾಕ್ ಆದವೆಂದೂ, ಇದಕ್ಕಿಂತ ಒಳ್ಳೆಯ ಆಂಟಿವೈರಸ್ ಯಾವುದೆಂದೂ ಕೇಳಿದ್ದೀರಿ. ಕಂಪನಿ ಬದಲಿಸಿದ ಮಾತ್ರಕ್ಕೆ ಈ ತೊಂದರೆ ತಪ್ಪುವುದಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಸಣ್ಣ ಕಚೇರಿಗಳ ಕಂಪ್ಯೂಟರುಗಳನ್ನು ನೋಡಿಕೊಳ್ಳುವುದೇ ನನ್ನ ಕೆಲಸವಾದ್ದರಿಂದ, ನಿಮಗಾದದ್ದನ್ನು ನಾನೂ ಹತ್ತಿರದಿಂದ ಕಂಡಿದ್ದೇನೆ.

ಒಂದು ಸಹಕಾರ ಸಂಘದ ಗುಮಾಸ್ತರಿಗೆ ಬಾಕಿ ಬಿಲ್ಲಿನ ಹೆಸರಿನಲ್ಲಿ ಇಮೇಲ್ ಬಂದಿತ್ತು. ಅದರ ಜೊತೆಗಿದ್ದ ಜಿಪ್ ಬಿಚ್ಚಿದಾಗ ಸಿಕ್ಕ ಫೈಲಿಗೆ ಪಿಡಿಎಫ್‌ನ ಕೆಂಪು ಚಿತ್ರವಿತ್ತು, ಹೆಸರೂ ಪಿಡಿಎಫ್ ಎಂದೇ ಮುಗಿಯುತ್ತಿತ್ತು. ಅದರ ನಂತರ ಇದ್ದ, ಅದು ಓಡುವ ಪ್ರೋಗ್ರಾಮ್ ಎಂದು ತಿಳಿಸುವ ಇಎಕ್ಸ್‌ಇ ಎಂಬ ನಿಜವಾದ ಬಾಲವನ್ನು ವಿಂಡೋಸ್ ತನ್ನ ರೂಢಿಯಂತೆ ಮರೆಮಾಡಿತ್ತು. ನಾನು ಹೋಗಿ ನೋಡುವಷ್ಟರಲ್ಲಿ ಸದಸ್ಯರ ಸಾಲದ ಲೆಕ್ಕವೂ ಸೇರಿದಂತೆ ಎಲ್ಲ ಫೈಲುಗಳ ಹೆಸರು ಬದಲಾಗಿತ್ತು, ಪರದೆಯ ಮೂಲೆಯಲ್ಲಿ ಆಂಟಿವೈರಸ್‌ನ ಹಸಿರು ಗುರುತು ಮಾತ್ರ ಹಾಗೆಯೇ ಇತ್ತು. ಆ ಫೈಲಿನ ಪ್ರತಿಯೊಂದನ್ನು ಬೇರೆ ಕಂಪ್ಯೂಟರಿನಲ್ಲಿ ಇಟ್ಟುಕೊಂಡು ದಿನವೂ ಪರೀಕ್ಷಿಸಿದೆ. ಮೂರನೆಯ ದಿನದ ಅಪ್‌ಡೇಟ್ ಬಂದ ಮೇಲೆ ಅದೇ ಆಂಟಿವೈರಸ್ ಅದನ್ನು ಹಿಡಿಯಿತು.

ಆಂಟಿವೈರಸ್ ಮುಖ್ಯವಾಗಿ ಮೊದಲೇ ಕಂಡ ದುಷ್ಟ ಪ್ರೋಗ್ರಾಮುಗಳ ಗುರುತುಗಳನ್ನು ಇಟ್ಟುಕೊಂಡು ಹೋಲಿಸಿ ನೋಡುತ್ತದೆ. ಅದೇ ಪ್ರೋಗ್ರಾಮನ್ನು ಬೇರೆ ರೀತಿಯಲ್ಲಿ ಕುಗ್ಗಿಸಿ ಕಳುಹಿಸಿದರೂ ಆ ಗುರುತು ತಪ್ಪಿಹೋಗಬಹುದು. ನಡವಳಿಕೆ ನೋಡಿ ಹಿಡಿಯುವ ವಿಧಾನವೂ ಈಗ ಇದೆಯಾದರೂ ಅದು ಊಹೆಯೇ. ಯಾವ ಪ್ರೋಗ್ರಾಮನ್ನು ಕೊಟ್ಟರೂ ಅದು ವೈರಸ್ ಹೌದೋ ಅಲ್ಲವೋ ಎಂದು ತಪ್ಪಿಲ್ಲದೆ ಹೇಳುವ ವಿಧಾನ ಇರಲಾರದು ಎಂದು ಕಂಪ್ಯೂಟರ್ ವಿಜ್ಞಾನಿ ಫ್ರೆಡ್ ಕೋಹೆನ್ 1984ರಲ್ಲಿಯೇ ತರ್ಕಬದ್ಧವಾಗಿ ತೋರಿಸಿದ್ದರು. ಇನ್ನೊಂದು ಸಂಗತಿಯನ್ನೂ ಹೇಳಬೇಕು. ಆಂಟಿವೈರಸ್ ತಾನೇ ಅತಿ ಹೆಚ್ಚಿನ ಅಧಿಕಾರದೊಂದಿಗೆ ಓಡುವ ತಂತ್ರಾಂಶ. ಕೆಟ್ಟ ಫೈಲನ್ನು ಪರೀಕ್ಷಿಸುವಾಗಲೇ ಅದರೊಳಗಿನ ಕೋಡ್ ಓಡಿಬಿಡಬಹುದಾದಂಥ ದೋಷವೊಂದನ್ನು 2017ರಲ್ಲಿ ಗೂಗಲ್‌ನ ಸಂಶೋಧಕರು ಮೈಕ್ರೋಸಾಫ್ಟ್‌ನದೇ ಆಂಟಿವೈರಸ್ ಆದ ವಿಂಡೋಸ್ ಡಿಫೆಂಡರ್‌ನಲ್ಲಿ ಪತ್ತೆ ಮಾಡಿದರು, ಮೈಕ್ರೋಸಾಫ್ಟ್ ಅದನ್ನು ಕೂಡಲೇ ಸರಿಪಡಿಸಿತು.

ಊರಿನ ಕಳ್ಳರನ್ನೆಲ್ಲ ಪಟ್ಟಿ ಮಾಡುವುದಕ್ಕಿಂತ ಮನೆಯವರ ಹೆಸರು ನೆನಪಿಟ್ಟುಕೊಳ್ಳುವುದು ಸುಲಭ. ನಿಮ್ಮ ಕಚೇರಿಗೆ ಬೇಕಾದ ಪ್ರೋಗ್ರಾಮುಗಳು ಹೆಚ್ಚೆಂದರೆ ಇಪ್ಪತ್ತು ಇರಬಹುದು. ಅವುಗಳಿಗೆ ಮಾತ್ರ ಓಡಲು ಅನುಮತಿ ಕೊಟ್ಟು, ಉಳಿದದ್ದೇನೇ ಬಂದರೂ ಅದು ಒಳ್ಳೆಯದೋ ಕೆಟ್ಟದ್ದೋ ಎಂದು ವಿಚಾರಿಸದೆ ತಡೆಯುವಂತೆ ಮಾಡಿ. ವಿಂಡೋಸ್ 7ರಿಂದ ಬಂದಿರುವ ಆಪ್‌ಲಾಕರ್ ಎಂಬ ಸೌಲಭ್ಯ ಇರುವುದು ಇದಕ್ಕಾಗಿಯೇ. ಅದರ ಮೂಲ ನಿಯಮಗಳ ಪ್ರಕಾರ ಸಾಮಾನ್ಯ ಬಳಕೆದಾರರು ವಿಂಡೋಸ್ ಮತ್ತು ಪ್ರೋಗ್ರಾಮ್ ಫೈಲ್ಸ್ ಫೋಲ್ಡರುಗಳಲ್ಲಿ ಇರುವುದನ್ನು ಮಾತ್ರ ಓಡಿಸಬಹುದು. ಆ ಗುಮಾಸ್ತರ ಫೈಲು ಡೌನ್‌ಲೋಡ್ಸ್‌ನಲ್ಲಿ ಇತ್ತು; ಈ ನಿಯಮವೊಂದಿದ್ದಿದ್ದರೆ ಒತ್ತಿದರೂ ಅದು ತೆರೆದುಕೊಳ್ಳುತ್ತಿರಲಿಲ್ಲ.

ಇದಕ್ಕೂ ಮಿತಿಗಳಿವೆ. ವಿಂಡೋಸ್ ಫೋಲ್ಡರಿನೊಳಗೇ ಟೆಂಪ್, ಟಾಸ್ಕ್ಸ್‌ನಂತಹ ಕೆಲವು ಫೋಲ್ಡರುಗಳಲ್ಲಿ ಸಾಮಾನ್ಯ ಬಳಕೆದಾರರೂ ಫೈಲು ಇಡಬಹುದಾದ್ದರಿಂದ ಅವುಗಳನ್ನು ಅನುಮತಿ ಕೊಡುವ ನಿಯಮದಿಂದ ಹೊರಗಿಡಲೇಬೇಕು. ವರ್ಡ್, ಎಕ್ಸೆಲ್ ಫೈಲುಗಳೊಳಗೇ ಓಡುವ ಸಣ್ಣ ಪ್ರೋಗ್ರಾಮುಗಳಾದ ಮ್ಯಾಕ್ರೋಗಳು ಆಪ್‌ಲಾಕರ್‌ನ ಹಿಡಿತಕ್ಕೆ ಬರುವುದಿಲ್ಲ, ಅವುಗಳನ್ನು ಆಫೀಸ್‌ನ ಸೆಟ್ಟಿಂಗ್‌ನಲ್ಲಿಯೇ ನಿಲ್ಲಿಸಬೇಕು. ತಯಾರಕರ ಡಿಜಿಟಲ್ ಸಹಿ ಇರುವ ಪ್ರೋಗ್ರಾಮ್ ಎಂಬ ಒಂದೇ ಕಾರಣಕ್ಕೆ ನಂಬುವುದೂ ಸರಿಯಲ್ಲ. 2010ರಲ್ಲಿ ಬೆಳಕಿಗೆ ಬಂದ ಸ್ಟಕ್ಸ್‌ನೆಟ್ ಎಂಬ ದುಷ್ಟ ಪ್ರೋಗ್ರಾಮ್, ಚಿಪ್ ತಯಾರಿಸುವ ರಿಯಲ್‌ಟೆಕ್ ಕಂಪನಿಯಿಂದ ಕದ್ದ ಸಹಿಯನ್ನೇ ಬಳಸಿತ್ತು. ಇನ್ನು 2017ರ ಮೇ 12ರಂದು ಹಬ್ಬಿದ ವಾನಾಕ್ರೈ ಎಂಬ ರ‍್ಯಾನ್ಸಮ್‌ವೇರ್, ಯಾರೂ ಏನನ್ನೂ ಒತ್ತದಿದ್ದರೂ ನೆಟ್‌ವರ್ಕ್ ಮೂಲಕವೇ ಒಳಗೆ ನುಗ್ಗಿತು. ಅದು ಬಳಸಿದ ದೋಷಕ್ಕೆ ಮೈಕ್ರೋಸಾಫ್ಟ್ ಮಾರ್ಚ್ 14ರಂದೇ ಅಪ್‌ಡೇಟ್ ಕೊಟ್ಟಿತ್ತು. ಆದ್ದರಿಂದ ವಿಂಡೋಸ್ ಅಪ್‌ಡೇಟ್‌ಗಳನ್ನು ಮುಂದೂಡಬೇಡಿ.

ಎಲ್ಲಕ್ಕಿಂತ ಮೊದಲು, ದಿನನಿತ್ಯ ಬಳಸುವ ಖಾತೆಗಳಿಂದ ಅಡ್ಮಿನ್ ಅಧಿಕಾರವನ್ನು, ಅಂದರೆ ಕಂಪ್ಯೂಟರಿನಲ್ಲಿ ಏನನ್ನು ಬೇಕಾದರೂ ಬದಲಿಸುವ ಅಧಿಕಾರವನ್ನು, ತೆಗೆಯಿರಿ; ಮೂಲ ನಿಯಮಗಳು ಅಡ್ಮಿನ್‌ಗೆ ಎಲ್ಲವನ್ನೂ ಓಡಿಸಲು ಬಿಡುವುದರಿಂದ, ಇದನ್ನು ಮಾಡದಿದ್ದರೆ ಉಳಿದ ಶ್ರಮವೆಲ್ಲ ವ್ಯರ್ಥ. ಬಳಿಕ ಆಪ್‌ಲಾಕರ್ ಅನ್ನು ಒಂದು ತಿಂಗಳು ಆಡಿಟ್ ಕ್ರಮದಲ್ಲಿ ಮಾತ್ರ ಓಡಿಸಿ. ಆಗ ಅದು ಯಾವುದನ್ನೂ ತಡೆಯುವುದಿಲ್ಲ, ತಡೆಯಬಹುದಾಗಿದ್ದುದನ್ನು ಈವೆಂಟ್ ಲಾಗ್‌ನಲ್ಲಿ 8003 ಸಂಖ್ಯೆಯಡಿ ಬರೆದಿಡುತ್ತದೆ. ಆ ಸಂಘದಲ್ಲಿ ಹಾಗೆ ನೋಡಿದಾಗ, ಡಿ ಡ್ರೈವ್‌ನಲ್ಲಿದ್ದ ಹಳೆಯ ಲೆಕ್ಕದ ತಂತ್ರಾಂಶವೂ ಪ್ರಿಂಟರಿನ ಒಂದು ಪ್ರೋಗ್ರಾಮೂ ಸಿಕ್ಕವು; ಎರಡಕ್ಕೂ ಪ್ರತ್ಯೇಕ ನಿಯಮ ಬರೆದ ಮೇಲೆಯೇ ತಡೆಯನ್ನು ಜಾರಿಗೆ ತಂದೆವು.

ಆಂಟಿವೈರಸ್ ತೆಗೆದುಹಾಕಬೇಕಿಲ್ಲ. ಪೆನ್‌ಡ್ರೈವ್‌ಗಳಲ್ಲಿ ತಿರುಗುವ ಹಳೆಯ ವೈರಸ್‌ಗಳನ್ನು ಅದು ಚೆನ್ನಾಗಿಯೇ ಹಿಡಿಯುತ್ತದೆ, ಆ ಕೆಲಸಕ್ಕೆ ವಿಂಡೋಸ್ ಜೊತೆಗೆ ಬರುವ ಡಿಫೆಂಡರ್ ಸಾಕು. ಉಳಿಯುವ ಹಣದಲ್ಲಿ ಎರಡು ಹಾರ್ಡ್ ಡಿಸ್ಕ್ ಕೊಂಡು, ಬ್ಯಾಕಪ್ ಮುಗಿದ ಕೂಡಲೇ ಕಳಚಿ ಬೀರುವಿನಲ್ಲಿಡಿ. ನಿಮ್ಮಲ್ಲಿ ಎಷ್ಟು ಕಂಪ್ಯೂಟರುಗಳಿವೆ, ಯಾವ ವಿಂಡೋಸ್ ಇದೆ ಎಂದು ತಿಳಿಸಿದರೆ ಮೊದಲಿಗೆ ಯಾವ ನಿಯಮಗಳನ್ನು ಹಾಕಬೇಕೆಂದು ಬರೆದು ತಿಳಿಸುತ್ತೇನೆ.